ಬೆಣೆ ಕೊನೆಗೂ ಚರ್ಮದಲ್ಲಿ ಕೂತಿತು

ಇರಾನ್ ಮೂಲದ ಡಚ್ ಲೇಖಕ ಕಾದೆರ್ ಅಬ್ದೊಲಾ ಅವರ ‘ಸ್ಪೈಕರ್‌ಸ್ಕ್ರಿಫ್ಟ್’ (ಬೆಣೆಲಿಪಿ, 2000) ಕಾದಂಬರಿಯ ಹಳೆಯ ಪ್ರತಿಗೆ ಹೊಸ ರಟ್ಟು ಕಟ್ಟುವ ಕೆಲಸ ಕಡೆಗೂ ಮುಂದಕ್ಕೆ ಹೋಗಿದೆ. ಬೆನ್ನಿನ ಅಂಟು ಕೆರೆದದ್ದು, ರಟ್ಟು ಕತ್ತರಿಸಿದ್ದು ಎಲ್ಲ ಎಂದಿನಂತೆಯೇ. ಸತಾಯಿಸಿದ್ದು ಮೇಲಿನ ಚರ್ಮ.

ಮುಖಪುಟದಲ್ಲಿ ಹೆಸರು ಬೇಡ, ಬೆಣೆಯಾಕಾರದ ಗುರುತುಗಳ ಆ ಪ್ರಾಚೀನ ಬೆಣೆಲಿಪಿಯ ಒತ್ತುಗಳಷ್ಟೇ ಇರಲಿ ಎಂದುಕೊಂಡಿದ್ದೆ. ಕಾದಂಬರಿಯ ಆಗಾ ಅಕ್ಬರ್ ರತ್ನಗಂಬಳಿ ಸರಿಪಡಿಸುವವನು. ಅವನಿಗೆ ಕಿವಿ ಕೇಳದು, ಮಾತು ಬಾರದು. ಗುಹೆಯ ಗೋಡೆಯ ಪ್ರಾಚೀನ ಲಿಪಿ ನೋಡಿ ತನ್ನದೇ ಬರವಣಿಗೆ ಕಟ್ಟಿಕೊಂಡು ಪುಸ್ತಕ ತುಂಬಿಸುತ್ತಾನೆ. ನೆದರ್ಲೆಂಡ್ಸ್ ಸೇರಿದ ಮಗ ಇಸ್ಮಾಯಿಲ್ ಅದನ್ನು ಬಿಡಿಸಲು ಹೆಣಗುತ್ತಾನೆ. ಅಬ್ದೊಲಾ ಅವರ ಸ್ವಂತ ತಂದೆಯೂ ಕಿವುಡುಮೂಗರೇ ಆಗಿದ್ದರು. ಇಂಥ ಪುಸ್ತಕದ ಮೇಲೆ ಬೆಣೆ ಮಸುಕಾಗಿ ಮೂಡಿದರೆ ಹೇಗೆ ಒಪ್ಪಿಕೊಳ್ಳಲಿ?

ಆದರೆ ಮೂಡುತ್ತಿದ್ದುದೇ ಮಸುಕಾಗಿ. ಚರ್ಮಕ್ಕೆ ನೀರು ಸವರಿ, ಹಿತ್ತಾಳೆಯ ಅಚ್ಚು ಕಾಯಿಸಿ ಒತ್ತಿದರೆ ಆ ಕ್ಷಣಕ್ಕೆ ಚೆಂದ. ಒಣಗುವಷ್ಟರಲ್ಲಿ ಕುಳಿ ಉಬ್ಬಿ ಅಂಚು ಮಾಯ. ಕಾವು ಹೆಚ್ಚಿಸಿದರೆ ಕರಕಲು. ನೀರು ಕಡಿಮೆ ಮಾಡಿದರೆ ಒತ್ತೇ ಬೀಳದು. ಕಡೆಗೆ ಚರ್ಮದ ಮೇಲೆಯೇ ಅನುಮಾನ ಬಂದು, ಉಗುರಗಲದ ಚೂರನ್ನು ಕುದಿಯುವ ನೀರಿಗೆ ಹಾಕಿದೆ. ತೊಗಟೆಯಿಂದ ಹದಮಾಡಿದ ಚರ್ಮ ಮುದುಡಿ ಸುರುಳಿಯಾಗಬೇಕು. ಇದು ಹಾಕಿದಂತೆಯೇ ಚಪ್ಪಟೆಯಾಗಿ ಉಳಿಯಿತು. ಕತ್ತರಿಸಿದ ಅಂಚಿನಲ್ಲಿ ನಸುನೀಲಿ. ಕ್ರೋಮ್ ಹದ! ತೊಗಟೆಯ ಬದಲು ಕ್ರೋಮಿಯಂ ಲವಣದಿಂದ ಹದಮಾಡಿದ್ದು, ಒತ್ತು ನಿಲ್ಲದ್ದು.

ರಸೀದಿಯಲ್ಲಿ ತೊಗಟೆಹದ ಎಂದು ಬರೆದು ಅದರ ಬೆಲೆಯನ್ನೇ ವಸೂಲು ಮಾಡಿದ ವ್ಯಾಪಾರಿಯನ್ನು ಕೇಳಿದರೆ, “ಚೀಲ ಹೊಲಿಯುವವರು ಯಾರೂ ದೂರಿಲ್ಲ” ಎಂದರು. ಚೀಲ ಒತ್ತನ್ನು ಹಿಡಿದಿಟ್ಟುಕೊಳ್ಳಬೇಕಿಲ್ಲ, ಪುಸ್ತಕ ಹಿಡಿದಿಟ್ಟುಕೊಳ್ಳಬೇಕು. ನಮ್ಮಂಥವರು ಕೊಳ್ಳುವುದು ಸ್ವಲ್ಪವೇ ಎಂದು ಏನನ್ನಾದರೂ ಕಟ್ಟಿ ಕಳಿಸುವ ಈ ಚಾಳಿಗೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಬೇರೆ ಕಡೆಯಿಂದ ತರಿಸಿದ ಆಡಿನ ಚರ್ಮದಲ್ಲಿ ಮೊದಲ ಒತ್ತಿಗೇ ಬೆಣೆ ಕೂತಿತು: ತಲೆ ಅಗಲ, ಬಾಲ ಚೂಪು, ಕುಳಿಯೊಳಗೆ ಕಪ್ಪು ಹೊಳಪು.

ಬೆನ್ನಿನ ಮೇಲೆ ಮಾತ್ರ ಲೇಖಕರ ಹೆಸರು ಇರಲೇಬೇಕು. ಇರಾನಿನ ಅರಾಕ್‌ನಲ್ಲಿ 1954ರಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಎಡಪಂಥೀಯ ಹೋರಾಟಕ್ಕಿಳಿದವರು ಅವರು. ಆಡಳಿತಕ್ಕೆ ಬಲಿಯಾದ ಇಬ್ಬರು ಗೆಳೆಯರ ಹೆಸರುಗಳನ್ನು ಜೋಡಿಸಿ ಕಾವ್ಯನಾಮ ಮಾಡಿಕೊಂಡರು. 1988ರಲ್ಲಿ ನಿರಾಶ್ರಿತರಾಗಿ ನೆದರ್ಲೆಂಡ್ಸ್‌ಗೆ ಬಂದವರು, ‘ಯಿಪ್ ಎನ್ ಯಾನೆಕೆ’ಯಂಥ ಮಕ್ಕಳ ಪುಸ್ತಕ ಹಿಡಿದು ಡಚ್ ಕಲಿತು, 1993ರಲ್ಲಿ ‘ದೆ ಆದೆಲಾರ್ಸ್’ ಕಥಾಸಂಕಲನ ಹೊರತಂದರು. ಮೂವತ್ತು ದಾಟಿದ ಮೇಲೆ ಕಲಿತ ಭಾಷೆಯಲ್ಲಿ ಐದೇ ವರ್ಷಕ್ಕೆ ಪುಸ್ತಕ! ನನಗೆ ಅವರ ಮುಂದಿನ ಎಲ್ಲ ಗೌರವಗಳಿಗಿಂತ ಇದೇ ದೊಡ್ಡದು.

ಮುಂದಿನ ಕೆಲಸ ಈಗಲೇ ತಲೆಯಲ್ಲಿ ಓಡುತ್ತಿದೆ. 2007ರ ಓದುಗರ ಮತದಾನದಲ್ಲಿ ಅತ್ಯುತ್ತಮ ಡಚ್ ಕಾದಂಬರಿಗಳ ಪೈಕಿ ಎರಡನೆಯ ಸ್ಥಾನ ಪಡೆದ ಅವರದೇ ‘ಹೆಟ್ ಹೌಸ್ ಫಾನ್ ದೆ ಮೊಸ್ಕೇ’ಗೆ ಕೈಹಾಕಬಹುದಿತ್ತು. ಆದರೆ 2008ರಲ್ಲಿ ಅವರು ಕುರಾನಿನ ಡಚ್ ಅನುವಾದವನ್ನೂ ಪ್ರವಾದಿಯ ಬದುಕಿನ ಕಾದಂಬರಿಯನ್ನೂ ಜೋಡಿಯಾಗಿ ತಂದರಲ್ಲ, ಆ ಎರಡಕ್ಕೂ ಸೇರಿ ಒಂದೇ ಪೆಟ್ಟಿಗೆ ಮಾಡಬೇಕು. ನಡುಗೋಡೆಗೆ ಎರಡು ಮಿಲಿಮೀಟರ್ ರಟ್ಟು ಸಾಲುತ್ತದೆಯೇ, ಬಲ್ಲವರು ತಿಳಿಸಿ.