ಒಣ ಕಸದಿಂದ ಎದ್ದ ಕೋನ

ಶಾಲೆಯಲ್ಲಿ ಕಸ ವಿಂಗಡಣೆಯ ಪಾಠವಾದಂದಿನಿಂದ ಮಗಳು ಒಣ ಕಸದ ಡಬ್ಬಿಗೆ ಕಾವಲು ನಿಂತಿದ್ದಾಳೆ. ನಿನ್ನೆ ಅದರಿಂದಲೇ ಒಂದು ರಟ್ಟು, ಒಂದು ಸ್ಟ್ರಾ ಎತ್ತಿಕೊಂಡಳು. (ಸ್ಟ್ರಾದೊಳಗೆ ಜ್ಯೂಸಿನ ಅಂಟು, ತೊಳೆಯದೆ ಎಸೆದವನು ನಾನೇ, ಬೈಸಿಕೊಂಡೆ.) ರಟ್ಟಿನ ಮೇಲೆ ಕೋನಮಾಪಕ ಬರೆದು, ಅದರ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ಅಂಚಿನ ನಡುವಿನಿಂದ ಇಳಿಬಿಟ್ಟ ದಾರದ ತುದಿಗೆ ರಬ್ಬರ್ ತುಂಡು ಕಟ್ಟಿ, ಸ್ಟ್ರಾದಲ್ಲಿ ಮರದ ತುದಿಯನ್ನು ನೋಡುತ್ತಾ ಹಿಂದೆ ಹಿಂದೆ ನಡೆದಳು. ದಾರ 45 ಡಿಗ್ರಿ ತೋರಿಸಿದಾಗ ನಿಂತಳು. ಟ್ಯಾನ್ ಎಂದರೆ ಎತ್ತರವನ್ನು ದೂರದಿಂದ ಭಾಗಿಸಿದಾಗ ಬರುವ ಸಂಖ್ಯೆ. ಟ್ಯಾನ್ 45 ಎಂದರೆ 1; ಬುಡದವರೆಗಿನ ದೂರವೇ ಎತ್ತರ. ಅಳೆದೆವು, 8 ಮೀಟರ್.

ನಾನು ಬಾಯಿಪಾಠ ಮಾಡಿದ್ದ ಸೈನ್, ಕಾಸ್, ಟ್ಯಾನ್‌ಗಳ ಹಿಂದೆ ಇಂಥದ್ದೊಂದು ಮರವಿದೆ ಎಂದು ಯಾರೂ ಹೇಳಿರಲಿಲ್ಲ.

ಕಣ್ಣಿನ ಎತ್ತರ ಕೂಡಿಸುವುದನ್ನು ಮರೆತದ್ದು ರಾತ್ರಿ ಹಲ್ಲುಜ್ಜುವಾಗ ಅವಳಿಗೆ ಹೊಳೆಯಿತು. ಮರ ಅಲ್ಲಿಯೇ 1.4 ಮೀಟರ್ ಬೆಳೆಯಿತು.