ಕೊಲೆಗಾರನ್ನ ಪ್ರೀತ್ಸೋ ಕಥೆಗಳನ್ನೇ ಯಾಕೆ ಓದ್ತೀಯಾ?

ಈ ಪ್ರಶ್ನೆ ನಂಗೆ ಬಸ್ಸಲ್ಲಿ ಬಂದಿದೆ, ಆಫೀಸ್ ಕ್ಯಾಂಟೀನಲ್ಲಿ ಬಂದಿದೆ, ಹೋದ್ ವರ್ಷ ಒಂದು ಮದ್ವೆ ಮನೇಲಿ ಎಲೆ ಮುಂದೆ ಕೂತಾಗ್ಲೂ ಬಂತು. ಏನ್ ಪುಸ್ತಕ ಅಂತಾರೆ, ನಾನು ಹೇಳ್ತೀನಿ, ಒಬ್ಳು ಹುಡುಗಿ, ಗುರುತು ಪರಿಚಯ ಇಲ್ದಿರೋ ಒಬ್ಬ ಗಂಡಸು, ಲವ್ವಾಗತ್ತೆ, ಆಮೇಲೆ ಇವ್ನೇ ಯಾರನ್ನಾದ್ರೂ ಕೊಂದಿದಾನಾ ಅಂತ ಡೌಟು ಶುರುವಾಗತ್ತೆ. ಅಷ್ಟು ಕೇಳಿದ್ದೇ ಮುಖ ಹುಳ್ಳಗೆ ಮಾಡ್ಕೊಂಡು, ಅಲ್ಲಮ್ಮಾ ನಿಂಗೆ ಅಂಥವ್ರು ಇಷ್ಟಾನಾ, ಹುಡುಗೀರು ಇಂಥದ್ದೆಲ್ಲ ಓದಿ ಹಾಳಾಗಲ್ವಾ ಅಂತಾರೆ. ಎಲೆ ಮುಂದೆ ಕೂತ್ಕೊಂಡು ಪಾಯಸ ಬರೋಷ್ಟರಲ್ಲಿ ಇದಕ್ಕೆ ಉತ್ರ ಹೇಳಕ್ಕಾಗಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲ್ನೇದಾಗಿ ಗುರುತಿಲ್ಲದ ಗಂಡಸು ಅಂದ್ರೆ ಇಷ್ಟು ಬೆಚ್ಚಿ ಬೀಳೋರು ಯಾರು ಅಂತ ನೋಡಿ. ನಮ್ಮಮ್ಮ ಮದ್ವೆಗೆ ಮುಂಚೆ ನಮ್ಮಪ್ಪನ್ನ ನೋಡಿದ್ದು ಒಂದೇ ಸಲ, ಅದೂ ಉಪ್ಪಿಟ್ಟಿನ ತಟ್ಟೆ ಕೊಡುವಾಗ, ಅದೂ ಬರೀ ಪಾದ. ಇಪ್ಪತ್ತು ನಿಮಿಷದ ಹೆಣ್ಣು ನೋಡೋ ಶಾಸ್ತ್ರ ಮುಗ್ಸಿ ಒಬ್ಬನ ಮನೆಗೆ ಸೂಟ್‌ಕೇಸ್ ಸಮೇತ ಹೋಗಿ, ಅವ್ನು ಎಂಥವ್ನು ಅನ್ನೋದನ್ನ ಹೋದ್ಮೇಲೆ ಕಂಡ್ಕೊಳ್ಳೋದು ನಮ್ಮಲ್ಲಿ ತಲೆತಲಾಂತರದಿಂದ ನಡ್ಕೊಂಡು ಬಂದಿರೋ ವಿಷ್ಯ. ಜನಪದದ ಕೆರೆಗೆ ಹಾರ ನೆನಪಿದ್ಯಲ್ಲ, ಶಾಲೇಲಿ ಪದ್ಯ ಅಂತ ಓದಿ ಅತ್ತಿದ್ವಿ. ಕೆರೇಲಿ ನೀರು ಬೀಳ್ಲಿಲ್ಲ ಅಂತ ಕಿರಿಸೊಸೆ ಭಾಗೀರಥೀನ ಬಲಿ ಕೊಡೋದು ಅಂತ ಮನೆಯೋರೇ ತೀರ್ಮಾನ ಮಾಡ್ತಾರೆ, ಅವ್ಳಿಗೆ ಅದು ಗೊತ್ತಾಗತ್ತೆ, ತವರಿಗೆ ಹೋಗಿ ಅಪ್ಪ ಅಮ್ಮನ ಹತ್ರ ಅತ್ತೆ ಮಾವ ಬೇರೆ ಇಡ್ತಾರಂತೆ ಅಂತ ಸುಳ್ಳು ಹೇಳ್ತಾಳೆ, ಗೆಳತಿಗೆ ಮಾತ್ರ ನಿಜ ಹೇಳ್ತಾಳೆ, ವಾಪಸ್ ಬಂದು ಅಕ್ಕಿ ಬೇಳೆ ಕೆಲ್ಸಕ್ಕೆ ಕೂರ್ತಾಳೆ. ಪೂಜೆ ಮುಗ್ದ್ಮೇಲೆ ಮರೆತ ಬಟ್ಟಲು ತರೋಕೆ ಅಂತ ಅವ್ಳನ್ನ ವಾಪಸ್ ಕಳಿಸ್ತಾರೆ, ಮೆಟ್ಲು ಮೆಟ್ಲಿಗೂ ನೀರು ಪಾದ, ಮಂಡಿ, ನಡು ಅಂತ ಏರ್ತಾ ಹೋಗತ್ತೆ. ಅದಕ್ಕಿಂತ ದೊಡ್ಡ ಸಸ್ಪೆನ್ಸ್ ನಾನು ಯಾವ ಇಂಗ್ಲಿಷ್ ಕಾದಂಬರೀಲೂ ಓದಿಲ್ಲ. ಅದನ್ನ ಪಠ್ಯದಲ್ಲಿಟ್ಟು ಓದ್ಸಿದೋರು ನನ್ ಕೈಲಿರೋ ಪುಸ್ತಕ ನೋಡಿ ಹಾಳಾಗ್ತೀಯ ಅಂದ್ರೆ ನಗು ಬರತ್ತೆ.

ಸರಿ, ಈಗ ಒಂದು ಪುಸ್ತಕ ಇಟ್ಕೊಂಡೇ ಹೇಳ್ತೀನಿ, ಇಂಗ್ಲಿಷ್ ಲೇಖಕಿ ಡ್ಯಾಫ್ನಿ ಡು ಮಾರಿಯೇ ಬರೆದ ಕಾದಂಬರಿ ರೆಬೆಕ್ಕಾ. 1938ರಲ್ಲಿ ಬಂದಿದ್ದು, ಅದಕ್ಕೆ ಸ್ಪಾಯ್ಲರ್ ಅಂತ ನನ್ ಮೇಲೆ ಜಗಳಕ್ಕೆ ಬರ್ಬೇಡಿ. ಹೇಳೋಕೆ ಹೆಸರೇ ಇಲ್ಲದ ಒಬ್ಳು ಹುಡುಗಿ (ನಿಜವಾಗ್ಲೂ, ಇಡೀ ಪುಸ್ತಕದಲ್ಲಿ ಅವ್ಳ ಹೆಸರು ಬರಲ್ಲ), ಒಬ್ಬ ಜಂಬದ ಶ್ರೀಮಂತ ಹೆಂಗಸಿನ ಜೊತೆ ಸಂಬಳಕ್ಕಿದ್ದು ಮಾಂಟೆ ಕಾರ್ಲೋಗೆ ಬಂದಿರ್ತಾಳೆ. ಅಲ್ಲಿ ಮ್ಯಾಕ್ಸಿಮ್ ಡಿ ವಿಂಟರ್ ಅಂತ ಒಬ್ಬ, ವಯಸ್ಸು ಇವ್ಳ ಡಬಲ್, ಹೆಂಡ್ತಿ ರೆಬೆಕ್ಕಾ ಸಮುದ್ರದಲ್ಲಿ ಮುಳುಗಿ ಸತ್ತಿದಾಳೆ ಅಂತ ಊರೆಲ್ಲ ಗೊತ್ತು. ಒಂದಷ್ಟು ದಿನ ಕಾರಲ್ಲಿ ಸುತ್ತಾಡ್ತಾರೆ, ಮದ್ವೆ ಆಗತ್ತೆ, ಮ್ಯಾಂಡರ್ಲಿ ಅನ್ನೋ ಅವನ ಬಂಗಲೆಗೆ ಹೋಗ್ತಾಳೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆ ಮೆನಬಿಲಿ ಅಂತ ಒಂದು ಹಳೇ ಮನೆ ಇದೆ, ಲೇಖಕಿಗೆ ಅದರ ಹುಚ್ಚು ಹಿಡಿದಿತ್ತು, ಮ್ಯಾಂಡರ್ಲಿಗೆ ಜೀವ ಬಂದಿದ್ದು ಅಲ್ಲಿಂದ್ಲೇ, ಮುಂದೆ 1943ರಲ್ಲಿ ಅದೇ ಮನೇನ ಬಾಡಿಗೆಗೆ ಹಿಡಿದು ಇಪ್ಪತ್ತೈದು ವರ್ಷದ ಮೇಲೆ ಇದ್ದಳು ಪುಣ್ಯಾತ್ಗಿತ್ತಿ.

ಜನ ಇದನ್ನ ಮ್ಯಾಕ್ಸಿಮ್‌ಗೋಸ್ಕರ ಓದ್ತಾರೆ ಅನ್ಕೊಂಡಿದೀರಾ? ಆ ಮನುಷ್ಯ ಅರ್ಧ ಪುಸ್ತಕ ಪೇಪರ್ ಓದ್ತಾ ಕೂತಿರ್ತಾನೆ, ಹೆಂಡ್ತಿ ತಲೇನ ನಾಯಿ ತಲೆ ಸವರಿದ ಹಂಗೆ ಸವರ್ತಾನೆ. ಕಥೆ ಇರೋದು ಮನೇಲಿ. ಡೆಸ್ಕ್ ತೆಗೆದ್ರೆ ರೆಬೆಕ್ಕಾಳ ಕೈಬರಹ, ಅಡಿಗೆ ಏನಾಗ್ಬೇಕು ಅಂತ ಕೇಳಿದ್ರೆ ಅವ್ರು ಇದ್ದಾಗ ಹಿಂಗೆ ಮಾಡ್ತಿದ್ವಿ ಅನ್ನೋ ಮಿಸೆಸ್ ಡ್ಯಾನ್ವರ್ಸ್. ಡ್ಯಾನ್ವರ್ಸ್ ಅಲ್ಲಿ ಮನೆ ನೋಡ್ಕೊಳ್ಳೋಳು ಅಷ್ಟೇ, ಆದ್ರೆ ನಮ್ಮ ಕಡೆ ಓದೋರಿಗೆ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸ್ಕೊಂಡಿರೋ ಅತ್ತೆ ಕಾಣದೆ ಇರಲ್ಲ. ಒಂದ್ಸಲ ಮನೆಯೊಳಗಿನ ಫೋನ್ ರಿಂಗಾಗತ್ತೆ, ಮಿಸೆಸ್ ಡಿ ವಿಂಟರ್ ಇದಾರಾ ಅಂತಾರೆ, ಈ ಹುಡುಗಿ ಗಾಬ್ರಿಯಾಗಿ ಅವ್ರು ತೀರ್ಕೊಂಡು ವರ್ಷದ ಮೇಲಾಯ್ತು ಅಂದ್ಬಿಡ್ತಾಳೆ, ಮಿಸೆಸ್ ಡಿ ವಿಂಟರ್ ಈಗ ತಾನೇ ಅನ್ನೋದೇ ಮರೆತು! ಇನ್ನೊಂದ್ಸಲ ಪಿಂಗಾಣಿ ಬೊಂಬೆ ಕೈ ಜಾರಿ ಒಡ್ಯತ್ತೆ, ಚೂರುಗಳನ್ನ ಡ್ರಾಯರ್ ಒಳಗೆ ಹಿಂದ್ಗಡೆ ಬಚ್ಚಿಡ್ತಾಳೆ, ಕೆಲ್ಸದ ಹುಡುಗನ ಮೇಲೆ ಅನುಮಾನ ಬರೋವರ್ಗೂ ಬಾಯಿ ಬಿಡಲ್ಲ. ತನ್ನದೇ ಮನೇಲಿ ಕಳ್ಳಿ ಥರ. ನನ್ನ ಫ್ರೆಂಡೊಬ್ಳು ಮದ್ವೆಯಾದ ಹೊಸದ್ರಲ್ಲಿ ಒಡೆದ ಜಾಡಿಯನ್ನ ಹಳೇ ಸೀರೇಲಿ ಸುತ್ತಿ ಟ್ರಂಕಲ್ಲಿಟ್ಟು ತವರಿಗೆ ಬಂದಾಗ ಬಿಸಾಕಿದ್ಳು, ಗಂಡ ಪಾಪ ಸಾಧು ಪ್ರಾಣಿ, ಆದ್ರೂ.

ಆಮೇಲೆ ಬರತ್ತೆ ನೋಡಿ ನಾನು ಈ ಪುಸ್ತಕಗಳನ್ನ ಬಿಡ್ದೇ ಇರೋ ಕಾರಣ. ರೆಬೆಕ್ಕಾಳನ್ನ ತಾನೇ ಗುಂಡು ಹೊಡೆದು ಕೊಂದೆ, ದೋಣಿಗೆ ಹಾಕಿ ಮುಳುಗಿಸ್ದೆ ಅಂತ ಮ್ಯಾಕ್ಸಿಮ್ ಒಪ್ಕೋತಾನೆ. ನೀವಾಗಿದ್ರೆ ಓಡ್ತಿದ್ರಿ. ಇವ್ಳ ತಲೇಲಿ ಉಳಿಯೋದು ಒಂದೇ, ಹಂಗಾದ್ರೆ ಅವನು ರೆಬೆಕ್ಕಾನ ಪ್ರೀತ್ಸೇ ಇರ್ಲಿಲ್ಲ! ಖುಷಿ ಆಗತ್ತೆ ಮಾರಾಯ್ರೆ ಅವ್ಳಿಗೆ. ಮತ್ತೆ ಮೊದಲ್ನೇ ಸಲ ಓದಿದಾಗ, ಪಿಯುಸಿ ರಜೇಲಿ, ನಂಗೂ ಖುಷಿಯಾಗಿತ್ತು, ಸಿಕ್ಕಾಕೊಳ್ದೆ ಇರ್ಲಪ್ಪಾ ಅಂತ ಉಗುರು ಕಚ್ಕೊಂಡು ಓದಿದೆ. ಎರಡನೇ ಸಲ ಓದಿದಾಗ ನಂಗೆ ಹೆದ್ರಿಕೆ ಆಗಿದ್ದು ಮ್ಯಾಕ್ಸಿಮ್‌ನ ಕಂಡು ಅಲ್ಲ. ನನ್ನನ್ನ ಕಂಡು. ಸತ್ತವಳ ಬಗ್ಗೆ ಕೆಟ್ಟದು ಹೇಳಿದ್ದು ಅವಳನ್ನ ಕೊಂದವನೇ, ನಾನು ಅದನ್ನ ಅಷ್ಟು ಸಲೀಸಾಗಿ ನಂಬ್ಕೊಂಡಿದ್ನಲ್ಲ?

1940ರಲ್ಲಿ ಡೈರೆಕ್ಟರ್ ಹಿಚ್‌ಕಾಕ್ ಇದನ್ನ ಸಿನಿಮಾ ಮಾಡ್ದ. ಆಗ ಹಾಲಿವುಡ್ಡಿನ ಸೆನ್ಸಾರ್ ಕಟ್ಟಲೆ ಪ್ರಕಾರ ಹೆಂಡ್ತೀನ ಕೊಂದೋನು ಶಿಕ್ಷೆ ಆಗ್ದೆ ಹಾಯಾಗಿ ಇರಂಗಿಲ್ಲ, ಅದಕ್ಕೇ ರೆಬೆಕ್ಕಾ ತಾನೇ ಎಡವಿ ಬಿದ್ದು ಸತ್ಳು ಅಂತ ಮಾಡ್ಬಿಟ್ರು. ಸಿನಿಮಾ ಚೆನ್ನಾಗಿದೆ, ಆಸ್ಕರೂ ಬಂತು, ಆದ್ರೆ ಕಥೆಯ ಹಲ್ಲು ಕಿತ್ತಿದಾರೆ. ಮುಂದಿನ್ ವರ್ಷ ಅದೇ ನಾಯಕಿ ಜೋನ್ ಫಾಂಟೇನ್‌ನ ಹಾಕ್ಕೊಂಡು ಸಸ್ಪಿಷನ್ ಅಂತ ಮಾಡ್ದ, ಗಂಡ ರಾತ್ರಿ ಹೆಂಡ್ತಿಗೆ ಹಾಲು ತಗೊಂಡು ಮೆಟ್ಲು ಹತ್ತಿ ಬರ್ತಾನೆ, ವಿಷ ಇದ್ಯಾ ಇಲ್ವಾ ಗೊತ್ತಿಲ್ಲ, ನಮ್ಮ ಕಣ್ಣು ಹಾಲಿನ ಮೇಲೇ ಇರ್ಲಿ ಅಂತ ಹಿಚ್‌ಕಾಕ್ ಲೋಟದೊಳಗೇ ಒಂದು ಬಲ್ಬ್ ಇಟ್ಟಿದ್ನಂತೆ. ಮೊದಲ ರಾತ್ರಿ ಹಾಲಿನ ಲೋಟ ಹಿಡ್ಕೊಂಡು ತಲೆ ತಗ್ಸಿ ಬರೋ ಹೆಣ್ಣನ್ನ ನೂರು ಕನ್ನಡ ಸಿನಿಮಾದಲ್ಲಿ ನೋಡಿರೋ ನಂಗೆ ಅದು ಉಲ್ಟಾ ಬರೋದು ನೋಡಿ ಮೈ ಜುಮ್ ಅಂತು. ಸಸ್ಪಿಷನ್‌ನ ಮೂಲ ಕಾದಂಬರೀಲಿ ಹೆಂಡ್ತಿ ವಿಷ ಅಂತ ಗೊತ್ತಿದ್ದೂ ಕುಡೀತಾಳೆ. ಸಿನಿಮಾದೋರು ಅದನ್ನೂ ಬಿಡ್ಲಿಲ್ಲ ಬಿಡಿ, ಗಂಡ ಒಳ್ಳೇವ್ನೇ ಅಂತ ಮುಗಿಸಿದ್ರು.

ಹುಡುಗೀರು ಹಾಳಾಗ್ತಾರಾ ಅನ್ನೋ ಪ್ರಶ್ನೆ ಉಳೀತು. ಈಗ ಮೊಬೈಲಲ್ಲಿ ಕಂತು ಕಂತಾಗಿ ಬರೋ ಕೆಲವು ಮಾಫಿಯಾ ಹೀರೋ ಕಥೆಗಳಿದಾವಲ್ಲ, ಹುಡುಗೀನ ಎತ್ತಾಕ್ಕೊಂಡ್ ಹೋಗಿ ರೂಮಲ್ಲಿ ಕೂಡ್ಹಾಕೋದು, ಅದೇ ಪ್ರೀತಿ ಅನ್ನೋದು, ಅವು ನಂಗೂ ಸೇರಲ್ಲ. ನೀತಿ ಪ್ರಶ್ನೆ ಆಮೇಲೆ, ಮೊದ್ಲು ಅವು ಬೋರು. ಅವ್ನಿಗೆ ಇವ್ಳ ಮೇಲೆ ಪ್ರಾಣ ಅಂತ ಮೊದಲ್ನೇ ಅಧ್ಯಾಯದಲ್ಲೇ ಗೊತ್ತಿದ್ರೆ ಹೆದರೋದು ಯಾತಕ್ಕೆ? ನಂಗೆ ಬೇಕಾಗಿರೋದು ಡೌಟು. ಡು ಮಾರಿಯೇನೇ 1951ರಲ್ಲಿ ಮೈ ಕಸಿನ್ ರೇಚಲ್ ಬರೆದಾಗ ಅದನ್ನ ತಿರುಗ್ಸಿ ಇಟ್ಳು, ಇಲ್ಲಿ ಹುಡುಗ ಮರುಳಾಗೋನು, ಅಪಾಯ ಹೆಣ್ಣು, ಅವ್ಳು ವಿಷ ಹಾಕಿದ್ಳಾ ಇಲ್ವಾ ಅಂತ ಕೊನೇವರ್ಗೂ ಹೇಳಲ್ಲ. ನಾನು ಮೂರು ಸಲ ಓದಿದೀನಿ, ಎರಡು ಸಲ ಹಾಕಿದ್ಳು, ಒಂದು ಸಲ ಇಲ್ಲ.

ಆ ಮದ್ವೆ ಮನೇಲಿ ಕೇಳಿದ್ದು ನಮ್ಮ ಚಿಕ್ಕಮ್ಮ. ಊಟ ಮುಗ್ದು ಎಲೆ ಅಡಿಕೆ ಹಾಕ್ಕೊಳ್ವಾಗ ಬಿಡದೆ ರೆಬೆಕ್ಕಾ ಕಥೆ ಪೂರ್ತಿ ಹೇಳಿಸ್ಕೊಂಡ್ರು. ಕೊನೆಗೆ ಏನಾಯ್ತು, ಮಕ್ಕಳು ಮರಿ ಆಯ್ತಾ ಅಂದ್ರು. ಇಲ್ಲ ಚಿಕ್ಕಮ್ಮ, ಮನೆ ಸುಟ್ಟೋಯ್ತು, ಇಬ್ರೂ ಪರದೇಶದಲ್ಲಿ ಯಾವ್ದೋ ಹೋಟೆಲಲ್ಲಿ ಇರ್ತಾರೆ, ಅವ್ನು ಸುಮ್ನೆ ಕೂತಿರ್ತಾನೆ, ಇವ್ಳು ಪೇಪರಲ್ಲಿ ಬಂದ ಕ್ರಿಕೆಟ್ ಸುದ್ದಿ ಓದಿ ಹೇಳ್ತಾಳೆ ಅಂದೆ. ಚಿಕ್ಕಮ್ಮ ಎಲೆಗೆ ಸುಣ್ಣ ಸವರ್ತಾ ಆ ಕಡೆ ಕುರ್ಚೀಲಿ ಮೊಬೈಲಲ್ಲಿ ಮ್ಯಾಚ್ ನೋಡ್ತಿದ್ದ ಚಿಕ್ಕಪ್ಪನ್ನ ಒಂದ್ಸಲ ನೋಡಿ, ಇಷ್ಟಕ್ಕೆ ಕೊಲೆ ಯಾಕೆ ಮಾಡ್ಬೇಕಿತ್ತು ಅಂದ್ರು.