ನೆವಾಡದ ಬಯಲಿನಿಂದ ಸಾಗರಕ್ಕೊಂದು ಓಲೆ

ನಮ್ಮ ಹವ್ಯಾಸಿ ರೇಡಿಯೋ ಆನ್ ಮಾಡಿದಾಗ ಕೆಟ್ಟುಹೋಗಿದೆ ಎಂದೇ ಅನ್ನಿಸಿತು. 7 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಸದ್ದೇ ಇಲ್ಲ. ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರಿನ ಗೆರೆ ಒಂದನ್ನೂ ದಾಟಿರಲಿಲ್ಲ. ಆಂಟೆನಾದ ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿ ನೋಡಿದೆವು. ಸಿಕ್ಕಿಸಿದಾಗ ಸಣ್ಣಗೆ, ದೂರದ ಮಳೆಯಂತೆ ಒಂದು ಸೊರಸೊರ. ಬಿಚ್ಚಿದರೆ ಅದೂ ಇಲ್ಲ. ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿ ಗದ್ದಲ ಮಾಡುವುದಕ್ಕೆ ಯಾರೂ ಇರಲಿಲ್ಲ, ಅಷ್ಟೇ.

ಕ್ಯಾಲಿಫೋರ್ನಿಯಾದ ಊರೊಳಗಿನ ಮನೆಯಲ್ಲಿ ಇದೇ ಪಟ್ಟಿಯ ಗದ್ದಲ ಹಗಲೂ ರಾತ್ರಿ ಎಸ್-7. ಎಲ್ಇಡಿ ದೀಪ, ಫೋನ್ ಚಾರ್ಜರ್, ನೆರೆಮನೆಯ ಸೋಲಾರ್ ಇನ್ವರ್ಟರ್ ಎಲ್ಲವೂ ಸೇರಿ ಮಾಡುವ ಗದ್ದಲ ಅದು. ಒಂದು ಎಸ್ ಯೂನಿಟ್ ಅಂದರೆ 6 ಡೆಸಿಬಲ್. ಏಳರಿಂದ ಒಂದಕ್ಕೆ ಇಳಿದರೆ 36 ಡೆಸಿಬಲ್, ಶಕ್ತಿಯ ಲೆಕ್ಕದಲ್ಲಿ ಸುಮಾರು ನಾಲ್ಕು ಸಾವಿರ ಪಟ್ಟು ಕಡಿಮೆ. ಈ ಲೆಕ್ಕ ಪುಸ್ತಕದಿಂದ ಗೊತ್ತಿತ್ತು. ಕಿವಿಗೆ ಬಿದ್ದಾಗ ಆಗುವುದೇ ಬೇರೆ. ಈ ಬರಹಕ್ಕೆ ಕಾರಣ ಆ ಮೌನವೇ.

ಜಾಗ ನೆವಾಡದ ಪೂರ್ವದಂಚು. ಅಮೆರಿಕದ 50ನೇ ಹೆದ್ದಾರಿಗೆ 1986ರಲ್ಲಿ ಲೈಫ್ ಪತ್ರಿಕೆ ‘ದೇಶದ ಅತಿ ಒಂಟಿ ರಸ್ತೆ’ ಎಂದು ಹೆಸರಿಟ್ಟಿತು. ಆ ಹೆಸರು ಇಂದಿಗೂ ಬೋರ್ಡುಗಳ ಮೇಲಿದೆ. ಫ್ಯಾಲನ್ ಬಿಟ್ಟರೆ ಆಸ್ಟಿನ್, ಅದಾದ ಮೇಲೆ ಯುರೇಕಾ, ಆಮೇಲೆ ಈಲಿ. ಒಂದೊಂದರ ನಡುವೆ ನೂರು ಕಿಲೋಮೀಟರಿಗೂ ಮಿಕ್ಕಿದ ಬಯಲು, ಸೇಜ್‌ಬ್ರಷ್ ಪೊದೆ, ಮತ್ತೊಂದು ಬೆಟ್ಟಸಾಲು. ಈ ಎರಡು ದಿನದ ಹಾದಿಯ ಬಗ್ಗೆ ಹೇಳಬೇಕಾದ ಮಾತು ಒಂದೇ: ಪೆಟ್ರೋಲ್ ಬಂಕ್ ಕಂಡ ಕಡೆಯೆಲ್ಲ ಟ್ಯಾಂಕ್ ತುಂಬಿಸಿಕೊಳ್ಳಿ. ಈಲಿ ದಾಟಿ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದ ಕಡೆ ಹೋಗುವಾಗ ಸ್ಯಾಕ್ರಮೆಂಟೊ ಪಾಸ್ ಎಂಬ ಘಟ್ಟ ಸಿಗುತ್ತದೆ. ಎತ್ತರ 2,100 ಮೀಟರಿಗೂ ಹೆಚ್ಚು. ಅಲ್ಲಿನ ಸರ್ಕಾರಿ ಜಮೀನಿನ ಕ್ಯಾಂಪ್ ತಾಣದಲ್ಲಿ ಡೇರೆ ಹಾಕಿದೆವು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಅಲ್ಲಿಂದ ಹವ್ಯಾಸಿ ರೇಡಿಯೋ ಮೂಲಕವೇ ಮಿಂಚಂಚೆ ಕಳಿಸಿ ತರಿಸಿಕೊಳ್ಳಬೇಕು ಅನ್ನುವುದು ಈ ಪ್ರಯಾಣದ ಉದ್ದೇಶ.

ಇದಕ್ಕಿರುವ ವ್ಯವಸ್ಥೆಯ ಹೆಸರು ವಿನ್‌ಲಿಂಕ್. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ತಮ್ಮ ಮನೆಯಲ್ಲಿ ಒಂದು ರೇಡಿಯೋ, ಒಂದು ಕಂಪ್ಯೂಟರ್ ಸದಾ ಆನ್ ಇಟ್ಟು ‘ಗೇಟ್‌ವೇ’ ನಡೆಸುತ್ತಾರೆ. ಬಯಲಲ್ಲಿರುವ ರೇಡಿಯೋ ಶಾರ್ಟ್‌ವೇವ್ ಮೇಲೆ ಆ ಗೇಟ್‌ವೇಗೆ ಕರೆ ಮಾಡುತ್ತದೆ, ಗೇಟ್‌ವೇ ಪತ್ರವನ್ನು ಅಂತರ್ಜಾಲಕ್ಕೆ ದಾಟಿಸುತ್ತದೆ. ವಿಳಾಸ ನಿಮ್ಮ ಕಾಲ್‌ಸೈನೇ, ಅಂದರೆ ಪರವಾನಗಿಯ ಜೊತೆ ಸಿಗುವ ಕರೆಹೆಸರು. ದುಡ್ಡು ಕೊಡಬೇಕಾಗಿಲ್ಲ. ಅಮೆರಿಕದಲ್ಲಿ ಈ ಪಟ್ಟಿಗಳಲ್ಲಿ ಡೇಟಾ ಕಳಿಸಲು ಜನರಲ್ ದರ್ಜೆಯ ಪರವಾನಗಿ ಬೇಕು. ಮೊದಲ ಮೆಟ್ಟಿಲಾದ ಟೆಕ್ನಿಷಿಯನ್ ಸಾಲದು. ಎರಡೂ ಪರೀಕ್ಷೆಯಲ್ಲಿ 35 ಪ್ರಶ್ನೆ, ತೇರ್ಗಡೆಗೆ 26 ಸರಿಯುತ್ತರ. ಭಾರತದಲ್ಲಿ ಪರವಾನಗಿಯ ಷರತ್ತುಗಳೇ ಬೇರೆ. ಇಲ್ಲಿ ಬರೆದದ್ದನ್ನು ಊರಿನಲ್ಲಿ ಹಾಗೇ ಮಾಡಹೊರಡುವ ಮೊದಲು ನಿಮ್ಮ ಪರವಾನಗಿ ಓದಿಕೊಳ್ಳಿ.

ಜೊತೆಗೆ ಒಯ್ದದ್ದು ಯಾಯೆಸು ಕಂಪನಿಯ ಎಫ್‌ಟಿ-891 ರೇಡಿಯೋ, ಅದಕ್ಕೂ ಲ್ಯಾಪ್‌ಟಾಪಿಗೂ ನಡುವೆ ಡಿಜಿರಿಗ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಸೌಂಡ್ ಕಾರ್ಡ್, 20 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ತಂತಿ, 7 ಮೀಟರಿನ ಫೈಬರ್ ಕಂಬ. ಲ್ಯಾಪ್‌ಟಾಪಿನಲ್ಲಿ ವಿನ್‌ಲಿಂಕ್ ಎಕ್ಸ್‌ಪ್ರೆಸ್, ಅಕ್ಷರವನ್ನು ಸದ್ದಾಗಿಯೂ ಸದ್ದನ್ನು ಅಕ್ಷರವಾಗಿಯೂ ಬದಲಿಸುವ ಮೋಡೆಮ್ ಕೆಲಸಕ್ಕೆ ವಾರಾ ಎಚ್‌ಎಫ್ ಎಂಬ ತಂತ್ರಾಂಶ. ವಾರಾದ ಉಚಿತ ಪ್ರತಿಯೂ ನಡೆಯುತ್ತದೆ, ಆದರೆ ತೀರಾ ನಿಧಾನ. 69 ಡಾಲರ್ ಕೊಟ್ಟು ನೋಂದಾಯಿಸಿಕೊಂಡರೆ ಬ್ಯಾಟರಿಯೂ ಉಳಿಯುತ್ತದೆ, ಸಹನೆಯೂ ಉಳಿಯುತ್ತದೆ.

ಇಷ್ಟೆಲ್ಲ ಜೋಡಿಸಿಯೂ ಮೊದಲ ಸಂಜೆ ಒಂದಕ್ಷರ ಹೋಗಲಿಲ್ಲ. ಕಾರಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಲ್ಯಾಪ್‌ಟಾಪ್ ಹೊಸದು. ಡಿಜಿರಿಗ್ ಒಳಗಿರುವ ಸಿಪಿ2102 ಚಿಪ್‌ಗೆ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಬೇಕು. ಸಾಮಾನ್ಯವಾಗಿ ವಿಂಡೋಸ್ ತಾನೇ ಅಂತರ್ಜಾಲದಿಂದ ಇಳಿಸಿಕೊಳ್ಳುತ್ತದೆ. ಅಂತರ್ಜಾಲ ಇಲ್ಲದ ಕಡೆ ಅಂತರ್ಜಾಲ ತರಲು ಹೊರಟವರ ಬಳಿ ಆ ಡ್ರೈವರೇ ಇರಲಿಲ್ಲ. ಬೆಳಿಗ್ಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಬೇಕರ್ ಊರಿಗೆ ಇಳಿದು, ಅಲ್ಲಿನ ವೈಫೈನಲ್ಲಿ ಇಳಿಸಿಕೊಂಡು ಬರಬೇಕಾಯಿತು. ಆದ್ದರಿಂದ ಮನೆಯಲ್ಲೇ ಎಲ್ಲವನ್ನೂ ಜೋಡಿಸಿ, ವೈಫೈ ಆಫ್ ಮಾಡಿ, ಒಂದು ಪತ್ರ ಪೂರ್ತಿ ರೇಡಿಯೋದಲ್ಲೇ ಕಳಿಸಿ ನೋಡಿ. ಡ್ರೈವರ್, ವಿನ್‌ಲಿಂಕ್, ವಾರಾ ಮೂರರ ಇನ್‌ಸ್ಟಾಲರ್‌ಗಳೂ ನೋಂದಣಿಯ ಕೀಲಿಯೂ ಒಂದು ಪೆನ್‌ಡ್ರೈವ್‌ನಲ್ಲಿರಲಿ. ಹೊರಡುವ ದಿನವೇ ಗೇಟ್‌ವೇಗಳ ಚಾನಲ್ ಪಟ್ಟಿ ನವೀಕರಿಸಿಕೊಳ್ಳಿ. ತಲುಪಿದ ಮೇಲೆ ಗ್ರಿಡ್, ಅಂದರೆ ನೀವಿರುವ ಜಾಗ ಹೇಳುವ ಸಂಕೇತ, ಬದಲಾಯಿಸಿ. ಈ ಘಟ್ಟ ಡಿಎಂ29ರಲ್ಲಿದೆ. ಮನೆಯ ಗ್ರಿಡ್ ಉಳಿದುಬಿಟ್ಟರೆ ಯಾವ ಗೇಟ್‌ವೇ ಸಿಕ್ಕೀತು ಎಂದು ತಂತ್ರಾಂಶ ಹಾಕುವ ಲೆಕ್ಕವೆಲ್ಲ ನಿಮ್ಮ ಮನೆಗೆ ಸಂಬಂಧಿಸಿದ್ದು, ನೀವು ಕೂತ ಬಂಡೆಗಲ್ಲ.

ಎರಡನೆಯ ತೊಡಕು ಆಂಟೆನಾದ್ದು. ಮೊದಲು ಕಟ್ಟಿದ್ದು ತುದಿಯಿಂದ ಸಿಗ್ನಲ್ ಕೊಡುವ ಅರ್ಧ ತರಂಗದ ತಂತಿ: 20 ಮೀಟರ್ ತಂತಿ, ಬುಡದಲ್ಲಿ ಎಫ್‌ಟಿ240-43 ಎಂಬ ಫೆರೈಟ್ (ಕಾಂತೀಯ ವಸ್ತು) ಬಳೆಗೆ ಎರಡು ಸುತ್ತು, ಹದಿನಾಲ್ಕು ಸುತ್ತು ಸುತ್ತಿದ 49:1 ಟ್ರಾನ್ಸ್‌ಫಾರ್ಮರ್. ಒಂದೇ ಕಂಬಕ್ಕೆ ಎಳೆದು ಕಟ್ಟಿದರೆ ಮುಗಿಯಿತು, ಆ ಸಲೀಸಿಗೆ ಇದು ಎಲ್ಲರಿಗೂ ಇಷ್ಟ. ಆದರೆ ಬುಡ ಮೇಜಿನ ಪಕ್ಕದಲ್ಲೇ ಇತ್ತು. 30 ವ್ಯಾಟಿನಲ್ಲಿ ಪ್ರಸಾರ ಶುರುವಾಗುತ್ತಲೇ ರೇಡಿಯೋ ಶಕ್ತಿ ಕೇಬಲಿನ ಹೊರಮೈ ಹಿಡಿದು ಯುಎಸ್‌ಬಿಗೆ ನುಗ್ಗಿತು. ಲ್ಯಾಪ್‌ಟಾಪ್ ಪೋರ್ಟನ್ನೇ ಕೈಬಿಟ್ಟಿತು, ಪ್ರಸಾರ ನಿಲ್ಲಿಸುವ ಆಜ್ಞೆ ರೇಡಿಯೋಗೆ ತಲುಪದೆ ಅದು ಹಾಗೇ ಪ್ರಸಾರದಲ್ಲೇ ನಿಂತಿತು. ಅಂಥ ಹೊತ್ತಿನಲ್ಲಿ ಯೋಚಿಸುತ್ತ ಕೂರದೆ ರೇಡಿಯೋದ ಸ್ವಿಚ್ ಆರಿಸಬೇಕು. ಮದ್ದು ಎರಡು: ಯುಎಸ್‌ಬಿ ತಂತಿಯನ್ನು 31 ನಂಬರಿನ ಫೆರೈಟ್ ಕ್ಲಿಪ್ಪಿನೊಳಗೆ ಐದಾರು ಸುತ್ತು ಹಾಯಿಸುವುದು, ಆಂಟೆನಾ ಬುಡವನ್ನು ಮೇಜಿನಿಂದ ದೂರ ಒಯ್ದು ಆಂಟೆನಾ ಕೇಬಲಿಗೆ ಇನ್ನೊಂದು ಫೆರೈಟ್ ಬಳೆಯಲ್ಲಿ ಹತ್ತು ಸುತ್ತು ಹಾಕುವುದು. ಎರಡೂ ಮಾಡಿದೆವು. ಕೊನೆಗೆ ಆ ತಂತಿ ಬಿಚ್ಚಿಟ್ಟು ಹಳೆಯ ಡೈಪೋಲನ್ನೇ ಏರಿಸಿದೆವು: ಎರಡು ಕಡೆಗೆ ಹತ್ತತ್ತು ಮೀಟರ್, ನಡು ಕಂಬದ ತುದಿಯಲ್ಲಿ, ಎರಡು ಕೊನೆ ನೆಲದಿಂದ ಎರಡು ಮೀಟರ್ ಮೇಲೆ. ಡೈಪೋಲ್ ಬಡವರ ಆಂಟೆನಾ ಅನ್ನುತ್ತಾರೆ. ಇದಕ್ಕಿಂತ ನಂಬಿಗಸ್ತ ಆಂಟೆನಾವನ್ನು ನಾವು ಕಂಡಿಲ್ಲ. ಕಾರಿನ ನೆತ್ತಿಗೆ ಅಂಟಿಸುವ ಎರಡು ಮೀಟರಿನ ಕೋಲುಗಳಿಗೆ ಜನ ನೂರಾರು ಡಾಲರ್ ಸುರಿಯುತ್ತಾರೆ. ತರಂಗದ ಉದ್ದ 40 ಮೀಟರ್ ಇರುವ ಕಡೆ ಆ ಕೋಲಿನ ಸುರುಳಿ ಬಿಸಿಯಾಗುವುದೇ ಹೆಚ್ಚು.

ಎತ್ತರ ಏಳೇ ಮೀಟರ್ ಎಂದು ಕೊರಗಬೇಕಾಗಿಲ್ಲ. ತಂತಿ ತಗ್ಗಿನಲ್ಲಿದ್ದರೆ ಶಕ್ತಿ ನೆತ್ತಿಯ ಕಡೆಗೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಮರಳಿ ಸುತ್ತಲ ನಾನೂರು ಐನೂರು ಕಿಲೋಮೀಟರಿಗೆ ಛತ್ರಿಯಂತೆ ಇಳಿಯುತ್ತದೆ. ಬೆಟ್ಟಸಾಲುಗಳ ನಡುವೆ ಕೂತವರಿಗೆ ಬೇಕಾದ್ದು ಅದೇ. ಹಗಲಲ್ಲಿ ಯೂಟಾ, ಐಡಹೊ ಕಡೆಯ ಗೇಟ್‌ವೇಗಳು ಹೀಗೇ ಸಿಕ್ಕವು. ಕತ್ತಲಾದ ಮೇಲೆ ಅಯಾನುಗೋಳ ತೆಳುವಾಗುತ್ತದೆ, ನೇರ ಮೇಲೇರಿದ 7 ಮೆಗಾಹರ್ಟ್ಜ್ ಹಿಂದಿರುಗುವುದಿಲ್ಲ, ಹತ್ತಿರದವರು ಮಾಯವಾಗಿ ಸಾವಿರ ಕಿಲೋಮೀಟರ್ ಆಚೆಯವರು ಏಳುತ್ತಾರೆ. ಸಂಜೆ ಸಿಗುತ್ತಿದ್ದ ಗೇಟ್‌ವೇ ರಾತ್ರಿ ಸಿಗಲಿಲ್ಲ ಎಂದು ಆಂಟೆನಾ ಬಿಚ್ಚಬೇಡಿ. ದೂರದವರನ್ನು ಕರೆಯಿರಿ, ಇಲ್ಲವೇ ಉದ್ದದ ತಂತಿ ಇದ್ದರೆ 3.5 ಮೆಗಾಹರ್ಟ್ಜ್‌ಗೆ ಇಳಿಯಿರಿ.

ಮೌನ ಕಲಿಸಿದ ಇನ್ನೊಂದು ಸಂಗತಿಯಿದೆ. ಗದ್ದಲವಿಲ್ಲದ ಕಾರಣ ನಮಗೆ ಎಲ್ಲ ಗೇಟ್‌ವೇಗಳೂ ಸ್ಪಷ್ಟ. ಆದರೆ ಗೇಟ್‌ವೇ ಇರುವುದು ಊರೊಳಗೆ, ಅದೇ ಎಸ್-7 ಗದ್ದಲದ ನಡುವೆ. ಅದಕ್ಕೆ ನಮ್ಮ 30 ವ್ಯಾಟ್ ಕೇಳಿಸಬೇಕಲ್ಲ. ಹಾಗಾಗಿ ಬರುವ ಪತ್ರ ಸರಸರನೆ ಇಳಿಯುತ್ತದೆ, ಕಳಿಸುವ ಪತ್ರ ತಡವರಿಸುತ್ತದೆ. ಆಗ ಧ್ವನಿಮಟ್ಟ ಏರಿಸುವ ಆಸೆ ಬರುತ್ತದೆ. ಬೇಡ. ರೇಡಿಯೋಗೆ ಹೋಗುವ ಸದ್ದು ಮಿತಿಮೀರಿತೆಂದು ತೋರಿಸುವ ಎಎಲ್‌ಸಿ ಮುಳ್ಳು ಅಲುಗಿತೆಂದರೆ ಸಿಗ್ನಲ್ ಒಡೆದು, ವೇಗ ಇನ್ನೂ ಕುಸಿಯುತ್ತದೆ. ವಾರಾದ ಟ್ಯೂನ್ ಗುಂಡಿ ಒತ್ತಿ, ಮುಳ್ಳು ಅಲುಗದಷ್ಟಕ್ಕೆ ನಿಲ್ಲಿಸಿ, ವಿಂಡೋಸ್‌ನ ಇತರ ಸದ್ದುಗಳು ಡಿಜಿರಿಗ್ ಕಡೆ ಹೋಗದಂತೆ ನೋಡಿಕೊಳ್ಳಿ. ಗೇಟ್‌ವೇ ಹುಡುಕಲು ಇಡೀ ಪಟ್ಟಿ ಜಾಲಾಡಬೇಕಾಗಿಲ್ಲ: ಅಮೆರಿಕದ ನಿಯಮದಂತೆ 500 ಹರ್ಟ್ಜ್‌ಗಿಂತ ಅಗಲದ ಸ್ವಯಂಚಾಲಿತ ಗೇಟ್‌ವೇಗಳು 40 ಮೀಟರ್ ಪಟ್ಟಿಯಲ್ಲಿ, ಅಂದರೆ ಇದೇ 7 ಮೆಗಾಹರ್ಟ್ಜ್ ಪಟ್ಟಿಯಲ್ಲಿ, 7.100ರಿಂದ 7.105 ಮೆಗಾಹರ್ಟ್ಜ್‌ನೊಳಗೇ ಇರಬೇಕು. ಐದೇ ಕಿಲೋಹರ್ಟ್ಜ್, 2,300 ಹರ್ಟ್ಜ್‌ನ ಎರಡು ಸಂಭಾಷಣೆಗೆ ತುಂಬಿಹೋಗುತ್ತದೆ. ಮೊದಲು ಕಿವಿಗೊಟ್ಟು, ಖಾಲಿ ಇದ್ದರೆ ಮಾತ್ರ ಕರೆ. ಕೈಯಲ್ಲೇ ಟ್ಯೂನ್ ಮಾಡುವವರು ಚಾನಲ್ ಪಟ್ಟಿಯಲ್ಲಿ ಕೊಟ್ಟಿರುವ ನಡು ಆವರ್ತನದಿಂದ 1.5 ಕಿಲೋಹರ್ಟ್ಜ್ ಕಳೆಯಬೇಕು, 7.1035 ಎಂದಿದ್ದರೆ ಡಯಲ್ 7.1020ರಲ್ಲಿರಬೇಕು.

ಎರಡನೆಯ ಸಂಜೆ ಪಕ್ಕದ ವ್ಯಾನಿನ ಹಿರಿಯರೊಬ್ಬರು ತಂತಿ ನೋಡಿ ಬಂದರು. ಕಂಬದ ಮೇಲೆ ಕಣ್ಣಾಡಿಸಿ, “ವಿನ್‌ಲಿಂಕೋ?” ಎಂದರು. ಅವರ ವ್ಯಾನಿನ ನೆತ್ತಿಯಲ್ಲಿ ಉಪಗ್ರಹದಿಂದ ಅಂತರ್ಜಾಲ ಕೊಡುವ ಸ್ಟಾರ್‌ಲಿಂಕ್ ತಟ್ಟೆ ಇತ್ತು. ಕೇಳಿದಾಗ ಗೊತ್ತಾಯಿತು, ಐಡಹೊದ ಮನೆಯಲ್ಲಿ ಅವರದೇ ಒಂದು ಗೇಟ್‌ವೇ ಇದೆಯಂತೆ.

“ತಟ್ಟೆ ಇಟ್ಟುಕೊಂಡೂ ಗೇಟ್‌ವೇ ಯಾಕೆ ನಡೆಸ್ತೀರಿ?”

“ತಟ್ಟೆಯಲ್ಲಿ ಸಿನಿಮಾ ನೋಡ್ತೀನಿ. ಅದು ಒಂದು ಕಂಪನಿಯ ಕೈಯಲ್ಲಿದೆ, ತಿಂಗಳ ಬಾಡಿಗೆ ಕಟ್ಟಬೇಕು. ಗೇಟ್‌ವೇ ನನ್ನ ಕೈಯಲ್ಲಿದೆ. ಕರೆಂಟ್ ಹೋದರೆ ಬ್ಯಾಟರಿ ಇದೆ. ನನ್ನದು ಹೋದರೆ ಇನ್ನೊಬ್ಬರದು ಇರುತ್ತೆ.”

ಊರು ಯಾವುದೆಂದು ಕೇಳಿದರು. ಭಾರತ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ವಿಯು4ಆರ್‌ಬಿಐ,” ಎಂದರು. 2004ರ ಡಿಸೆಂಬರಿನಲ್ಲಿ ಅಂಡಮಾನಿನಿಂದ ಕೇಳಿಬಂದ ಕಾಲ್‌ಸೈನ್ ಅದು. ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿ ಜಗತ್ತಿನ ಹ್ಯಾಮ್‌ಗಳೊಂದಿಗೆ ಸಂಪರ್ಕ ಸಾಧಿಸಲು ಕೂತಿದ್ದಾಗಲೇ 26ರಂದು ಸುನಾಮಿ ಬಂತು, ಅದೇ ರೇಡಿಯೋಗಳು ದ್ವೀಪಗಳ ಸುದ್ದಿ ಸಾಗಿಸಲು ನಿಂತವು. “ಆಕೆ ಸಂಪರ್ಕಿಸಿದವರ ದಾಖಲೆಪುಸ್ತಕದಲ್ಲಿ ನಾನಿದ್ದೆ. ಎಷ್ಟೋ ರಾತ್ರಿ ಕಾದು ಸಿಕ್ಕ ಸಂಪರ್ಕ ಅದು. ಆಮೇಲೆ ಆ ಸುದ್ದಿ ಬಂತು. ನಾನು ಗೇಟ್‌ವೇ ಹಾಕಿದ್ದು ಅದಾದ ಮೇಲೆ,” ಎಂದರು.

ಊರಿಗೆ ಪತ್ರ ಬರೆಯಬಹುದೇ ಎಂಬ ನಮ್ಮ ಅನುಮಾನವನ್ನೂ ಅವರೇ ಬಿಡಿಸಿದರು. ಹ್ಯಾಮ್ ಅಲ್ಲದವರ ಸಂದೇಶವನ್ನು ಒಂದು ದೇಶದ ಹವ್ಯಾಸಿ ನಿಲ್ದಾಣದಿಂದ ಇನ್ನೊಂದು ದೇಶದ ನಿಲ್ದಾಣಕ್ಕೆ ಸಾಗಿಸಲು ಎರಡು ದೇಶಗಳ ನಡುವೆ ಒಪ್ಪಂದ ಬೇಕು. ಅಮೆರಿಕಕ್ಕೂ ಭಾರತಕ್ಕೂ ಅಂಥ ಒಪ್ಪಂದವಿಲ್ಲ. “ಆದರೆ ನಿಮ್ಮ ರೇಡಿಯೋ ಮಾತಾಡೋದು ಐಡಹೊ ಜೊತೆ. ಅಲ್ಲಿಂದಾಚೆಗೆ ಅದು ಬರೀ ಮಿಂಚಂಚೆ. ಗುಟ್ಟಿನದು, ವ್ಯಾಪಾರದ್ದು ಬರೀಬೇಡಿ, ಅಷ್ಟೇ.” ಅದು ಸರಿಯಾದ ಎಚ್ಚರಿಕೆ. ಹವ್ಯಾಸಿ ಪಟ್ಟಿಯಲ್ಲಿ ಅರ್ಥ ಮರೆಮಾಡುವ ಗೂಢಲಿಪಿ ನಿಷಿದ್ಧ, ಈ ಪತ್ರಗಳನ್ನು ಇತರ ಹ್ಯಾಮ್‌ಗಳು ಓದಬಲ್ಲರು. ಬ್ಯಾಂಕಿನ ಕೆಲಸ, ಪಾಸ್‌ವರ್ಡ್ ಇಲ್ಲಿಗೆ ತರಬಾರದು.

ಓಲೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹಳ್ಳಿಗೆ. ಕನ್ನಡವನ್ನು ಸಂದೇಶದ ಒಡಲಲ್ಲಿ ನೇರ ಬರೆದರೆ ಆಚೆ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ತಲುಪುವ ಅಪಾಯವಿದೆ. ನೋಟ್‌ಪ್ಯಾಡಿನಲ್ಲಿ ಬರೆದು, ಯುಟಿಎಫ್-8 ಎಂದು ಉಳಿಸಿ, ಆ ಕಡತವನ್ನು ಲಗತ್ತಿಸಬೇಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಕ್ಷಿ’ ಎಂದು ಬರೆದರೆ ನಾಲ್ಕು ಸಂಕೇತ, ಹನ್ನೆರಡು ಬೈಟ್. ಆದರೆ ಮೂರರಲ್ಲಿ ಮೊದಲೆರಡು ಬೈಟ್ ಮತ್ತೆ ಮತ್ತೆ ಅವೇ ಬರುವುದರಿಂದ, ಕಳಿಸುವ ಮುನ್ನ ವಿನ್‌ಲಿಂಕ್ ಮಾಡುವ ಸಂಕೋಚನಕ್ಕೆ ಕನ್ನಡ ಚೆನ್ನಾಗಿ ಒಗ್ಗುತ್ತದೆ. ಒಂದು ಪುಟದ ಪತ್ರ ಎರಡು ನಿಮಿಷದೊಳಗೆ ಹೋಯಿತು. ಚಿತ್ರ ಕಳಿಸುವವರು ಸಂದೇಶದ ಮಿತಿ 120 ಕಿಲೋಬೈಟ್ ಎಂಬುದು ನೆನಪಿಡಿ. ಅಷ್ಟನ್ನು ತುಂಬಿಸುವುದೂ ಸೌಜನ್ಯವಲ್ಲ, ಗೇಟ್‌ವೇಗೆ ಕಾಯುವವರು ಇನ್ನೂ ಇದ್ದಾರೆ. ಜಾಲಪುಟ ಬೇಕಿದ್ದರೆ ಸೇಲ್‌ಡಾಕ್ಸ್ ಎಂಬ ಉಚಿತ ಸೇವೆಗೆ ಇಂಗ್ಲಿಷಿನಲ್ಲಿ ‘ಸೆಂಡ್’ ಎಂದು ಬರೆದು ಮುಂದೆ ಪುಟದ ವಿಳಾಸ ಹಾಕಿದರಾಯಿತು, ಪಠ್ಯವಷ್ಟೇ ಪತ್ರವಾಗಿ ಬರುತ್ತದೆ. ಮರುದಿನದ ಹವಾಮಾನವನ್ನು ಹಾಗೇ ತರಿಸಿಕೊಂಡೆವು.

ನಾವು ಮೊದಲು ಬರೆದವರ ಉತ್ತರವನ್ನು ವಿನ್‌ಲಿಂಕ್ ತಾನೇ ಒಳಬಿಡುತ್ತದೆ. ಬೇರೆಯವರು ಬರೆಯುವುದಾದರೆ ವಿಷಯದ ಸಾಲಿನ ಮೊದಲಲ್ಲಿ ಎರಡು ಓರೆಗೆರೆ ಹಾಕಿ ‘ಡಬ್ಲ್ಯೂಎಲ್2ಕೆ’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಕಸವೆಂದು ಮರಳುತ್ತದೆ. ಮನೆಯವರಿಗೆ ಇದನ್ನು ಹೊರಡುವ ಮೊದಲೇ ಹೇಳಿಡಿ.

ಅಲ್ಲಿ ರಾತ್ರಿ ಎಂಟು, ಸಾಗರದಲ್ಲಿ ಮರುದಿನ ಬೆಳಿಗ್ಗೆ ಎಂಟೂವರೆ. ಒಂಬತ್ತೂವರೆಗೆ ಮತ್ತೆ ಕರೆದಾಗ ಐಡಹೊ ಸಿಗಲಿಲ್ಲ; ಮೂರನೆಯ ಪ್ರಯತ್ನಕ್ಕೆ ಟೆಕ್ಸಾಸಿನ ಗೇಟ್‌ವೇ ಓಗೊಟ್ಟಿತು. ಪರದೆಯ ಮೇಲೆ ಹಸಿರು ಪಟ್ಟಿ ಇಷ್ಟಿಷ್ಟೇ ತುಂಬಿತು. ಕಡತ ತೆರೆದರೆ ನಾಲ್ಕೇ ಸಾಲು: ಇಲ್ಲಿ ಜೋರು ಮಳೆ, ರಾತ್ರಿಯಿಂದ ಕರೆಂಟಿಲ್ಲ, ಟವರೂ ಈಗಷ್ಟೇ ಬಂತು, ನಿಮ್ಮ ಕಾಗದ ಸಿಕ್ಕಿತು.